ಕೊಂಡವರ ಮೇಜಿಗೆ ಮಾಡಿದವರೂ ಬರಲಿ

ಭಾನುವಾರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಶೆಟ್ಟಿಹಳ್ಳಿಯ ನಮ್ಮ ರಸ್ತೆಯ ದರ್ಶಿನಿಯ ಮುಂದೆ ಏಳೆಂಟು ಸೈಕಲ್ಲುಗಳು ಗೋಡೆಗೆ ಒರಗಿ ನಿಂತಿರುತ್ತವೆ. ನಸುಕಿನಲ್ಲೇ ಹೊರಟು ಅಬ್ಬಿಗೆರೆ, ಚಿಕ್ಕಬಾಣಾವರಗಳನ್ನು ಹಾದು ಹೆಸರಘಟ್ಟದ ಕೆರೆಯನ್ನು ನೋಡಿ ಮರಳಿದವರು ಅವುಗಳ ಒಡೆಯರು. ಮೂವತ್ತರಿಂದ ಐವತ್ತರ ನಡುವಿನ ವಯಸ್ಸು; ಬಹುಮಟ್ಟಿಗೆ ಸಾಫ್ಟ್‌ವೇರ್ ಅಥವಾ ಬ್ಯಾಂಕಿನ ಉದ್ಯೋಗ. ಸೈಕಲ್ ತುಳಿಯದ ಇನ್ನೂ ನಾಲ್ಕೈದು ಮಂದಿ ನೇರವಾಗಿ ಮನೆಯಿಂದಲೇ ಬಂದು ಇವರನ್ನು ಕೂಡಿಕೊಳ್ಳುತ್ತಾರೆ. ಇಡ್ಲಿ ಮುಗಿದು ಎರಡನೆಯ ಕಾಫಿ ಬರುವಷ್ಟರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: 'ಈ ತಿಂಗಳು ಏನು ತಂದಿರಿ?' ತಟ್ಟೆಗಳು ಬದಿಗೆ ಸರಿಯುತ್ತವೆ. ಒಬ್ಬರು ಒದ್ದೆಯಾದ ಮೇಜನ್ನು ತಮ್ಮ ಕರವಸ್ತ್ರದಿಂದಲೇ ಒರೆಸುತ್ತಾರೆ. ಅನಂತರ ಚೀಲಗಳಿಂದ ವಸ್ತುಗಳು ಹೊರಬರುತ್ತವೆ.

ಒಬ್ಬರದು ಹೆಡ್‌ಫೋನ್. ಇನ್ನೊಬ್ಬರದು ಮೊಬೈಲಿನ ಸಂಗೀತವನ್ನು ಮತ್ತಷ್ಟು ಶುದ್ಧವಾಗಿ ಕೇಳಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಮತ್ತೊಬ್ಬರು ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಚರ್ಮದ ಸೈಕಲ್ ಸೀಟನ್ನು ಹೊಸ ಕೂಸನ್ನು ಹೊದಿಕೆಯಿಂದ ಬಿಡಿಸುವ ಹಾಗೆ ಬಿಡಿಸಿ ಇಡುತ್ತಾರೆ. 1866ರಲ್ಲಿ ಆರಂಭವಾದ ಈ ಕಂಪನಿಯ ಸೀಟು ಕೂರುವವನ ಮೈಗೆ ಒಗ್ಗಿಕೊಳ್ಳುವುದಕ್ಕೆ ನೂರಾರು ಕಿಲೋಮೀಟರುಗಳ ಸವಾರಿ ಬೇಕು. ಅಲ್ಲಿಯವರೆಗೆ ನೋವನ್ನು ಸಹಿಸಿಕೊಳ್ಳುವುದೇ ಅದರ ಹೆಚ್ಚುಗಾರಿಕೆ ಎಂದು ಅವರು ಸಂತೋಷದಿಂದ ವಿವರಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಮಕ್ಕಳಾಟ. ನನಗೂ ಮೊದಲು ಹಾಗೆಯೇ ಕಂಡಿತ್ತು.

ಕೆಲವು ವಾರ ಪಕ್ಕದ ಮೇಜಿನಲ್ಲಿ ಕುಳಿತು ಗಮನಿಸಿದ ಮೇಲೆ ಈ ಆಟಕ್ಕೂ ಕಟ್ಟಳೆಗಳಿವೆ ಎಂಬುದು ತಿಳಿಯಿತು. ಬೆಲೆಯನ್ನು ಮೊದಲಿಗೆ ಕೇಳುವಂತಿಲ್ಲ. ವಸ್ತುವನ್ನು ಕೈಗೆತ್ತಿಕೊಂಡು, ತೂಕ ನೋಡಿ, ತಿರುಗಿಸಿ, ಒಂದು ಸಣ್ಣ ಪ್ರಶ್ನೆಯನ್ನಾದರೂ ಕೇಳಿದ ಮೇಲಷ್ಟೇ ಮುಂದಿನವರಿಗೆ ದಾಟಿಸಬೇಕು. ಮೆಚ್ಚದಿದ್ದರೆ ಹಾಗೆಂದು ಹೇಳಬಹುದು, ಆದರೆ ಕಾರಣ ಕೊಡಬೇಕು. ಸೈಕಲ್ ಪ್ರಿಯರ ನಡುವೆ ಚಲಾವಣೆಯಲ್ಲಿರುವ ಸೂತ್ರವೊಂದಿದೆ: ಮನುಷ್ಯನಿಗೆ ಇರಬೇಕಾದ ಸೈಕಲ್ಲುಗಳ ಸಂಖ್ಯೆ ಎಷ್ಟೆಂದರೆ, ಈಗಿರುವುದಕ್ಕಿಂತ ಒಂದು ಹೆಚ್ಚು. ಈ ಸೂತ್ರವನ್ನು ಅವರು ಬೀಜಗಣಿತದ ಗಾಂಭೀರ್ಯದಿಂದ ಉಚ್ಚರಿಸುತ್ತಾರೆ. ಮನೆಯಲ್ಲಿ ಹೇಳಿದ ಬೆಲೆ ಬೇರೆ, ಇಲ್ಲಿ ಹೇಳುವ ಬೆಲೆ ಬೇರೆ ಎಂಬುದು ಎಲ್ಲರೂ ಬಲ್ಲ, ಯಾರೂ ಬಾಯಿ ಬಿಡದ ಒಪ್ಪಂದ.

ಇದನ್ನು ಕೊಳ್ಳುಬಾಕತನವೆಂದು ತಳ್ಳಿಹಾಕುವುದು ಸುಲಭ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿಯೇ ವಿರಾಮ ವರ್ಗವನ್ನು ಕುರಿತ ತನ್ನ ಗ್ರಂಥದಲ್ಲಿ ಪ್ರದರ್ಶನಕ್ಕಾಗಿ ನಡೆಯುವ ಅನುಭೋಗದ ಬಗ್ಗೆ ಬರೆದ. ಉಳ್ಳವನು ತನಗೆ ಬೇಕೆಂದು ಮಾತ್ರ ಕೊಳ್ಳುವುದಿಲ್ಲ, ತಾನು ಕೊಳ್ಳಬಲ್ಲೆನೆಂಬುದನ್ನು ಇತರರು ಕಾಣಲೆಂದೂ ಕೊಳ್ಳುತ್ತಾನೆ ಎಂಬುದು ಅವನ ವಾದದ ತಿರುಳು. ನಮ್ಮ ಮದುವೆ ಮಂಟಪಗಳಲ್ಲಿ ಈ ವಾದಕ್ಕೆ ಪ್ರತಿ ಲಗ್ನದಲ್ಲೂ ಸಾಕ್ಷ್ಯ ದೊರೆಯುತ್ತದೆ. ಆದರೆ ದರ್ಶಿನಿಯ ಈ ಮೇಜಿಗೆ ಅದು ಪೂರ್ತಿಯಾಗಿ ಹೊಂದುವುದಿಲ್ಲ. ಇಲ್ಲಿ ವಸ್ತುವನ್ನು ತೋರಿಸುವುದು ಇಲ್ಲದವರಿಗಲ್ಲ, ತಮ್ಮಷ್ಟೇ ಅಥವಾ ತಮಗಿಂತ ಹೆಚ್ಚು ಬಲ್ಲವರಿಗೆ. ತೋರಿಸಲು ಬಂದವನು ಒಂದರ್ಥದಲ್ಲಿ ಪರೀಕ್ಷೆಗೆ ಕುಳಿತಿರುತ್ತಾನೆ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ ತಂದವನಿಗೆ ದೊರೆಯುವುದು ಸೌಜನ್ಯದ ಮೆಚ್ಚುಗೆ. ಚಿಕ್ಕಪೇಟೆಯ ಸಂಡೇ ಬಜಾರಿನ ರಾಶಿಯಿಂದ ಮುನ್ನೂರು ರೂಪಾಯಿಗೆ ಹಳೆಯ ಪಾರ್ಕರ್ ಪೆನ್ನನ್ನು ಹೆಕ್ಕಿ ತಂದವನಿಗೆ ನಿಜವಾದ ಅಸೂಯೆಯ ಗೌರವ.

ಅಲ್ಲದೆ, ಕೊಂಡದ್ದನ್ನು ತೋರಿಸುವ ಸಂಪ್ರದಾಯ ನಮಗೇನೂ ಹೊಸತಲ್ಲ. ದಸರೆಯ ಗೊಂಬೆ ಹಬ್ಬದಲ್ಲಿ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆಯನ್ನು ಸಾಲಿಗೆ ಸೇರಿಸಬೇಕೆಂಬ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಸಂಜೆಯಾದರೆ ಬೀದಿಯ ಮಕ್ಕಳು 'ಗೊಂಬೆ ಕೂರಿಸಿದ್ದೀರಾ?' ಎಂದು ಬಾಗಿಲಿಗೆ ಬರುತ್ತಿದ್ದರು. ಆ ವರ್ಷದ ಹೊಸ ಗೊಂಬೆ ಯಾವುದೆಂದು ಬೆರಳು ಮಾಡಿ ತೋರಿಸದೆ ಗೃಹಿಣಿಗೂ ಸಮಾಧಾನವಿರುತ್ತಿರಲಿಲ್ಲ. ಮನೆಗೆ ರೇಡಿಯೊ ಬಂದರೆ ಅದು ಇಡೀ ಬೀದಿಗೆ ಬಂದಂತೆ. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲವದು. 1980ರ ದಶಕದವರೆಗೂ ಆ ಪದ್ಧತಿ ಇತ್ತು. ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಬೇಕಿತ್ತು. ಸರ್ಕಾರವೇ ಮೊಹರು ಒತ್ತಿದ ಮೇಲೆ ತೋರಿಸಿಕೊಳ್ಳುವುದರಲ್ಲಿ ತಪ್ಪೇನು?

ವ್ಯತ್ಯಾಸವಿರುವುದು ಬೇರೆ ಕಡೆ. ಆಗ ನೋಡುವವರು ನೆರೆಹೊರೆಯವರಾಗಿದ್ದರು. ಅವರಿಗೆ ವಸ್ತುವಿನ ಬಗ್ಗೆ ಏನೂ ತಿಳಿಯದಿದ್ದರೂ ಕೊಂಡವನ ಬಗ್ಗೆ ಎಲ್ಲವೂ ತಿಳಿದಿತ್ತು. ಈಗ ನೋಡುವವರು ಸಮಾನ ಹವ್ಯಾಸಿಗಳು. ಅವರಿಗೆ ವಸ್ತುವಿನ ಹುಟ್ಟು, ತೂಕ, ತಳಿ ಎಲ್ಲವೂ ತಿಳಿದಿದೆ, ಕೊಂಡವನ ತಾಯಿ ಆಸ್ಪತ್ರೆಯಲ್ಲಿರುವುದು ತಿಳಿದಿರುವುದಿಲ್ಲ. ಪಕ್ಕದ ಮನೆಯವರಿಗಂತೂ ಎರಡೂ ತಿಳಿಯದು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಇಳಿಯುವ ಮನುಷ್ಯನನ್ನು ಅವರು ಬರೀ ಅಡಚಣೆಯೆಂದು ಬಲ್ಲರು.

ಈ ಮೇಜಿನಲ್ಲಿ ಎಂದೂ ಕೇಳಿಬರದ ಪ್ರಶ್ನೆಯೊಂದಿದೆ. ಯಾವ ಕಂಪನಿ, ಯಾವ ವರ್ಷ, ಯಾವ ಲೋಹ, ಮಾರಿದರೆ ಎಷ್ಟು ಬಂದೀತು, ಇವೆಲ್ಲ ಬರುತ್ತವೆ. ಇದನ್ನು ಮಾಡಿದವರು ಯಾರು ಎಂಬುದು ಬರುವುದಿಲ್ಲ. ಬಹುತೇಕ ವಸ್ತುಗಳಿಗೆ ಆ ಪ್ರಶ್ನೆಯನ್ನು ಕೇಳಿಯೂ ಪ್ರಯೋಜನವಿಲ್ಲ. ತೈವಾನಿನ ಜೈಂಟ್ ಕಂಪನಿ ತನ್ನ ಹೆಸರಿನಲ್ಲಿ ಮಾತ್ರವಲ್ಲ, ಇತರರ ಹೆಸರಿನಲ್ಲೂ ಸೈಕಲ್ಲಿನ ಚೌಕಟ್ಟುಗಳನ್ನು ಮಾಡಿಕೊಟ್ಟಿದೆ. ಹೆಡ್‌ಫೋನನ್ನು ಜೋಡಿಸಿದ ಕೈ ಚೀನಾದ ಯಾವ ಊರಿನದೋ ಹೇಳುವವರಿಲ್ಲ. ಹಾಗಾಗಿ ವಸ್ತು ಪೆಟ್ಟಿಗೆಯಿಂದಲೇ ಹುಟ್ಟಿತು ಎಂಬಂತೆ ನಾವು ವರ್ತಿಸುವುದು ಕ್ಷಮ್ಯ. ಆದರೆ ಕಳೆದ ಚಳಿಗಾಲದ ಒಂದು ಭಾನುವಾರ ಮೇಜಿನ ಮೇಲೆ ಬಂದು ಕುಳಿತ ವಸ್ತುವಿನ ಹುಟ್ಟೂರು, ನಾವು ಕಾಫಿ ಕುಡಿಯುತ್ತಿದ್ದ ಜಾಗದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು.

ಅದು ಎಚ್‌ಎಂಟಿಯ ಪೈಲಟ್ ಕೈಗಡಿಯಾರ. ತಂದವರು ಇಪ್ಪತ್ತೊಂಬತ್ತರ ಹರೆಯದ ಎಂಜಿನಿಯರ್. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಬಾಡಿಗೆಗಿರುವವರು. ಅವರ ಬಳಿ ಆಗಲೇ ಹನ್ನೊಂದು ಎಚ್‌ಎಂಟಿಗಳಿದ್ದವು. ಇದು ಹನ್ನೆರಡನೆಯದು. ಮುಖಬಿಲ್ಲೆ, ಅಂದರೆ ಡಯಲ್, ಕಡುಗೆಂಪು. 'ಕೆಂಪು ಪೈಲಟ್ ಬಹಳ ಅಪರೂಪ' ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಸೈಕಲ್ಲಿನವರು ಕೂಡ ಮೇಜಿನ ಮೇಲೆ ಬಾಗಿದರು.

ಇಲ್ಲಿ ಸ್ವಲ್ಪ ನಿಂತು, ನಾವು ಕುಳಿತಿದ್ದ ನೆಲದ ಬಗ್ಗೆ ಹೇಳಬೇಕು. ಇಂದು ಮೆಟ್ರೊ ನಿಲ್ದಾಣದಿಂದಲೂ ಸಂಚಾರ ದಟ್ಟಣೆಯಿಂದಲೂ ಗುರುತಾಗುವ ಜಾಲಹಳ್ಳಿ ಒಂದು ಕಾಲಕ್ಕೆ ದೇಶವೇ ಕಣ್ಣಿಟ್ಟು ನೋಡಿದ ಕಾರ್ಖಾನೆಗಳ ಊರು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಇಲ್ಲಿ ತಲೆಯೆತ್ತಿತು. ಮರುವರ್ಷ, 1954ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್. ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯೊಡನೆ ಕೈಜೋಡಿಸಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಕಂತಿನ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ. ಆರಂಭದ ಗಡಿಯಾರಗಳ ಮುಖದ ಮೇಲೆ ಎರಡೂ ಕಂಪನಿಗಳ ಹೆಸರಿರುತ್ತಿತ್ತು.

ಬಿಇಎಲ್‌ನದೂ ಇಂಥದೇ ಒಂದು ಕತೆಯಿದೆ. 1961ರಲ್ಲಿಯೇ ಅದು ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ಕೈಹಾಕಿತು. ನಮ್ಮ ತಂದೆಯವರ ಕಾಲದಲ್ಲಿ ರೇಡಿಯೊದ ಹಿಂಬದಿಯಲ್ಲಿ ಕೆಂಡದಂತೆ ಮಿನುಗುತ್ತಿದ್ದ ಗಾಜಿನ ಬುರುಡೆಗಳೇ ಇವು. ಟ್ರಾನ್ಸಿಸ್ಟರ್ ಬಂದ ಮೇಲೆ ಗುಜರಿಗೆ ಹೋದ ಅವನ್ನು ಇಂದು ಹೊರದೇಶಗಳ ಧ್ವನಿವರ್ಧಕ ಪ್ರಿಯರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅದೇ ಮೇಜಿನ ಹೆಡ್‌ಫೋನ್ ಮಹಾಶಯರು ಹಿಂದಿನ ವರ್ಷ ವಾಲ್ವಿನ ಆಂಪ್ಲಿಫಯರೊಂದನ್ನು ವಿದೇಶದಿಂದ ತರಿಸಿದ್ದರು. ಅಂಥ ವಾಲ್ವುಗಳು ತಾವು ದಿನವೂ ಹಾದುಹೋಗುವ ಬಿಇಎಲ್ ವೃತ್ತದ ಪಕ್ಕದಲ್ಲಿಯೇ ತಯಾರಾಗುತ್ತಿದ್ದವೆಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ್ದು ಬರೀ ಆಶ್ಚರ್ಯವಲ್ಲ, ಸಣ್ಣ ನಾಚಿಕೆಯೂ ಇತ್ತು.

ಎಚ್‌ಎಂಟಿಯ ಏರುಗಾಲ ಬಹುಮಂದಿ ಓದುಗರಿಗೆ ನೆನಪಿರುತ್ತದೆ. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್, ಈ ಹೆಸರುಗಳು ಒಂದು ತಲೆಮಾರಿನ ಹರ್ಷದ ಪಟ್ಟಿ. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಾಗಿ ಹೋಗುವ ಮಗಳ ಗಂಡನಿಗೆ, ಸೇವೆಯಿಂದ ನಿವೃತ್ತನಾಗುವ ಮೇಷ್ಟ್ರಿಗೆ ಕೈಗೆ ಕಟ್ಟುತ್ತಿದ್ದದ್ದು ಇದನ್ನೇ. ಬಳಿಕ ಸ್ಫಟಿಕದ, ಅಂದರೆ ಕ್ವಾರ್ಟ್ಜ್ ಗಡಿಯಾರದ ಯುಗ ಬಂತು. ಜಪಾನಿನ ಸೈಕೋ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ನಮ್ಮಲ್ಲಿ 1984ರಲ್ಲಿ ಹುಟ್ಟಿದ ಟೈಟನ್ ಹೊಸೂರಿನಿಂದ ತೆಳುವಾದ, ಅಂದವಾದ, ಕೀಲಿ ಕೊಡಬೇಕಿಲ್ಲದ ಗಡಿಯಾರಗಳನ್ನು ಬೆಳಕಿನ ಮಳಿಗೆಗಳಲ್ಲಿ ಜೋಡಿಸಿಟ್ಟಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಅಂಗಡಿಯ ಗಾಜಿನ ಆಚೆ ನಿಂತವನ ಆಸೆಯನ್ನು ಓದಲಾಗಲಿಲ್ಲ. ಮುಚ್ಚುತ್ತಾರೆಂಬ ಸುದ್ದಿ 2014ರ ಸೆಪ್ಟೆಂಬರಿನಲ್ಲಿ ಹೊರಬಿದ್ದಾಗ, ಅಲ್ಲಿಯವರೆಗೆ ಮರೆತೇ ಹೋಗಿದ್ದ ಮಳಿಗೆಗಳ ಮುಂದೆ ಜನ ಸಾಲುಗಟ್ಟಿದರು. ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್‌ನ ಮುಚ್ಚುಗಡೆಗೆ ಒಪ್ಪಿಗೆ ನೀಡಿತು. ಮಾತೃಸಂಸ್ಥೆಯಾದ ಎಚ್‌ಎಂಟಿ ಈಗಲೂ ಸಣ್ಣ ಪ್ರಮಾಣದಲ್ಲಿ ಕೈಗಡಿಯಾರಗಳನ್ನು ಮಾರುತ್ತದೆಯೆಂಬುದು ನಿಜ. ಆದರೆ ಸಾವಿರಾರು ಕೈಗಳು ದುಡಿದ ಆ ಕಾರ್ಖಾನೆಯ ಕಾಲ ಮುಗಿದಿದೆ.

ಒಂದು ವಿಚಿತ್ರವನ್ನು ಗಮನಿಸಬೇಕು. ಯಾವುದೇ ವಸ್ತು ಬಡವನಿಗೆ ಅನಿವಾರ್ಯವಾಗಿರುವ ತನಕ ಹವ್ಯಾಸವಾಗುವುದಿಲ್ಲ. ಹಾಲಿನವನ, ಅಂಚೆಯವನ, ಗಾರೆ ಕೆಲಸದವನ ಸೈಕಲ್ ಮೋಟಾರು ವಾಹನಕ್ಕೆ ಸೋತು ಹಿಂದೆ ಸರಿದ ಮೇಲೆಯೇ ಸೈಕಲ್ ಎಂಬುದು ಭಾನುವಾರದ ಅಭಿರುಚಿಯಾಯಿತು. ದೇಶದ ಅತಿ ಹಳೆಯ ಸೈಕಲ್ ಕಂಪನಿಗಳಲ್ಲಿ ಒಂದಾದ ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ನಮ್ಮ ಹೆಸರಘಟ್ಟದ ಸವಾರರಲ್ಲಿ ಎಷ್ಟೋ ಮಂದಿ ತಮ್ಮ ದುಬಾರಿ ಸೈಕಲ್ಲನ್ನು ಕೊಂಡದ್ದು ಆ ಆಸುಪಾಸಿನಲ್ಲಿಯೇ. ಗ್ರಾಮಫೋನ್ ತಟ್ಟೆ, ಶಾಯಿ ಪೆನ್ನು, ರೀಲಿನ ಕ್ಯಾಮೆರಾ, ಎಲ್ಲದರ ಜಾತಕವೂ ಹೀಗೆಯೇ. ಜನತಾ ಗಡಿಯಾರವನ್ನು ಜನತೆ ಕೈಬಿಟ್ಟ ಮೇಲೆ ಅದು ಸಂಗ್ರಹಕಾರನ ಕೈಗೆ ಬಂತು.

ಸಂಗ್ರಹಕಾರ ಬಂದ ಹಿಂದೆಯೇ ನಕಲೂ ಬರುತ್ತದೆ. ಹಳೆಯ ಎಚ್‌ಎಂಟಿಗೆ ಬೇಡಿಕೆ ಹುಟ್ಟಿದಂತೆ, ಸವೆದ ಗಡಿಯಾರಗಳ ಒಳಯಂತ್ರವನ್ನು ತೊಳೆದು, ಡಯಲನ್ನು ಕೆರೆದು ಹೊಸ ಬಣ್ಣ ಬಳಿದು, ಇನ್ನಾವುದೋ ಗಡಿಯಾರದ ಮುಳ್ಳುಗಳನ್ನು ಸಿಕ್ಕಿಸಿ 'ಅಪರೂಪದ ಮಾದರಿ' ಎಂದು ಮಾರುವ ದಂಧೆಯೂ ಬೆಳೆಯಿತು. ನೀಲಿ, ಹಸಿರು, ಕಿತ್ತಳೆ, ಕಾರ್ಖಾನೆ ಕನಸಿನಲ್ಲೂ ಕಾಣದ ಬಣ್ಣಗಳೆಲ್ಲ ಪೇಟೆಯಲ್ಲಿವೆ. ಅಸಲಿ ಡಯಲಿನ ಅಕ್ಷರದ ಅಂಚು ಚೂಪಾಗಿರುತ್ತದೆ, ಮರುಮುದ್ರಣದ್ದು ಭೂತಗನ್ನಡಿಯಡಿ ಹರಡಿಕೊಂಡಂತೆ ಕಾಣುತ್ತದೆ. ಡಯಲಿನ ಬೆನ್ನಿಗಿರುವ ಎರಡು ಪುಟ್ಟ ಕಾಲುಗಳು ಮುರಿದು ಅಂಟಿನ ಮೇಲೆ ನಿಂತಿದ್ದರೆ ಅದು ಇನ್ನೊಂದು ಸುಳಿವು. ಇಷ್ಟನ್ನೆಲ್ಲ ಬಲ್ಲ ನಮ್ಮ ಎಂಜಿನಿಯರ್ ಕೂಡ ಕೆಂಪಿಗೆ ಮರುಳಾಗಿದ್ದರು. ಆಸೆಯಿದ್ದಲ್ಲಿ ಭೂತಗನ್ನಡಿ ಮಂಕಾಗುತ್ತದೆ.

ಅಂದು ನಮ್ಮ ಎದುರು ಮನೆಯ ಹಿರಿಯರೊಬ್ಬರು ಮೊಮ್ಮಗಳಿಗೆ ಖಾರಾಬಾತ್ ಕಟ್ಟಿಸಿಕೊಳ್ಳಲು ಅದೇ ದರ್ಶಿನಿಗೆ ಬಂದಿದ್ದರು. ಎಪ್ಪತ್ತೈದು ದಾಟಿದ ಹೆಂಗಸು. ಅವರು ಎಚ್‌ಎಂಟಿಯ ಗಡಿಯಾರ ವಿಭಾಗದಲ್ಲಿ ಇದ್ದವರೆಂಬುದು ನನಗೆ ಬಹಳ ಕಾಲದಿಂದ ತಿಳಿದಿತ್ತು. ಅದನ್ನು ಈ ಮೇಜಿನೊಂದಿಗೆ ಜೋಡಿಸಿ ನೋಡಬೇಕೆಂದು ಮಾತ್ರ ಎಂದೂ ಹೊಳೆದಿರಲಿಲ್ಲ. ಶೆಟ್ಟಿಹಳ್ಳಿ, ಜಾಲಹಳ್ಳಿ, ಮಲ್ಲಸಂದ್ರಗಳ ಬೀದಿಗಳಲ್ಲಿ ಇಂಥ ನಿವೃತ್ತರು ಎಷ್ಟೋ ಮಂದಿ. ಗಡಿಯಾರದ ಜೋಡಣೆಯಲ್ಲಿ ಬಹಳಷ್ಟು ಹೆಣ್ಣುಮಕ್ಕಳು ದುಡಿದರು. ಹದಿನೆಂಟು, ಇಪ್ಪತ್ತರ ಪ್ರಾಯದಲ್ಲಿ ಚಿಮುಟ ಹಿಡಿದು ಕುಳಿತವರು ಕಣ್ಣು ಮಂಜಾಗುವ ತನಕ ಅಲ್ಲಿಯೇ ಕುಳಿತರು. ನಾನು ಅವರನ್ನು ಕರೆದು, ನೋಡಿ ಎಂದೆ.

ಅವರು ನೋಡಲಿಲ್ಲ. ಗಡಿಯಾರವನ್ನು ನೇರವಾಗಿ ಎಡಗಿವಿಗೆ ಹಿಡಿದರು. ಇನ್ನೊಂದು ಅಂಗೈಯಿಂದ ಬಲಗಿವಿಯನ್ನು ಮುಚ್ಚಿಕೊಂಡರು. ದರ್ಶಿನಿಯ ಲೋಟಗಳ ಸದ್ದು, ಹೊರಗೆ ಬಸ್ಸಿನ ಹಾರನ್ನು, ಯಾರೋ ಟೋಕನ್ ಸಂಖ್ಯೆ ಕೂಗುವುದು, ಇವುಗಳ ನಡುವೆ ಅರ್ಧ ನಿಮಿಷ ಹಾಗೆಯೇ ನಿಂತಿದ್ದರು. 'ಕುಂಟ್ತಾ ಇದೆ ಕಣಪ್ಪ' ಎಂದರು. 'ಒಂದು ಹೊಡೆತ ಉದ್ದ, ಇನ್ನೊಂದು ಗಿಡ್ಡ.'

ಇದರ ಅರ್ಥವನ್ನು ಸ್ವಲ್ಪ ಬಿಡಿಸಬೇಕು. ಪೈಲಟ್, ಜನತಾ ಗಡಿಯಾರಗಳೊಳಗಿನ ಯಂತ್ರದಲ್ಲಿ ಕೃತಕ ಮಾಣಿಕ್ಯದ 17 ಹರಳುಗಳಿವೆ. ಲೋಹದ ಅಚ್ಚುಗಳು ಸವೆಯದಂತೆ ತಿರುಗಲು ಅವು ಆಸರೆ. ನಡುವೆ ಅತ್ತಿತ್ತ ತೂಗುವ ಒಂದು ಚಕ್ರ, ಅದಕ್ಕೆ ಜೀವ ಕೊಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್. ಈ ಚಕ್ರ ಗಂಟೆಗೆ 18,000 ಸಲ ಹೊಡೆಯುತ್ತದೆ, ಸೆಕೆಂಡಿಗೆ ಐದು, ದಿನಕ್ಕೆ 4,32,000. ದಿನವೊಂದರ 86,400 ಸೆಕೆಂಡುಗಳಲ್ಲಿ ಇಂಥ ಗಡಿಯಾರ ಅರ್ಧ ನಿಮಿಷ ತಪ್ಪಿದರೂ ಅದು ನಡೆದ ದಾರಿಯಲ್ಲಿ ಮೂರು ಸಾವಿರ ಪಾಲಿಗೆ ಒಂದು ಪಾಲಿನಷ್ಟೇ ತಪ್ಪು. ಎಡಕ್ಕೆ ಹೋಗುವ ತೂಗಿಗೂ ಬಲಕ್ಕೆ ಬರುವ ತೂಗಿಗೂ ಒಂದೇ ಸಮಯ ಹಿಡಿಯಬೇಕು. ಹೇರ್‌ಸ್ಪ್ರಿಂಗಿನ ಕೂರಿಕೆ ಎಳ್ಳಿನ ಮೊನೆಯಷ್ಟು ಓರೆಯಾದರೂ ಟಿಕ್ ಮತ್ತು ಟಕ್ ನಡುವಿನ ಅಂತರ ಸಮನಾಗಿರುವುದಿಲ್ಲ. ಸೆಕೆಂಡಿನ ಐದನೆಯ ಒಂದು ಭಾಗದೊಳಗಿನ ಈ ಏರುಪೇರನ್ನೇ ಅವರು ಬರಿಗಿವಿಯಲ್ಲಿ ಹಿಡಿದದ್ದು.

ನಮ್ಮ ಎಂಜಿನಿಯರ್ ತಮ್ಮ ಮೊಬೈಲನ್ನು ಹೊರತೆಗೆದರು. ಗಡಿಯಾರದ ಹೊಡೆತವನ್ನು ಅಳೆಯುವ ತಂತ್ರಾಂಶ ಅದರಲ್ಲಿತ್ತು. ಗಡಿಯಾರವನ್ನು ಅದರ ಮೈಕಿಗೆ ಒತ್ತಿ ಹಿಡಿದರು. ಸದ್ದು ಹೆಚ್ಚಿದೆ, ಅಳೆಯಲಾಗದು ಎಂಬ ಉತ್ತರ ಬಂತು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು, ಅವರೂ ನಕ್ಕರು. ಆಮೇಲೆ ಆಕೆ ಗಡಿಯಾರದ ಮುಖವನ್ನು ನೋಡಿದರು. 'ಪೈಲಟ್ ಅಂದರೆ ಕಪ್ಪು. ನಾನಿದ್ದಷ್ಟು ದಿನ ಕೆಂಪು ಕಂಡಿಲ್ಲ. ಎಷ್ಟು ಕೊಟ್ಟೆ?' ಬೆಲೆಯನ್ನು ಮೊದಲು ಕೇಳಬಾರದೆಂಬ ಕಟ್ಟಳೆ ಅವರಿಗೆ ತಿಳಿದಿರಲಿಲ್ಲ. ಎಂಜಿನಿಯರ್ ಹೇಳಿದ ಮೊತ್ತ ಕೇಳಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅದು ತಮ್ಮ ಮೊದಲ ಕೆಲವು ತಿಂಗಳ ಸಂಬಳಕ್ಕಿಂತ ಹೆಚ್ಚೆಂದರು. ನಿನಗೆ ಗಡಿಯಾರ ಯಾಕೆ, ಮೊಬೈಲಿನಲ್ಲಿ ಹೊತ್ತು ಕಾಣುವುದಿಲ್ಲವೇ ಎಂದೂ ಕೇಳಿದರು. ಅವರ ಸ್ವಂತ ಕೈ ಬರಿದಾಗಿತ್ತು.

ಈ ಪ್ರಸಂಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಕೇಳಿದವರು ಸಾಮಾನ್ಯವಾಗಿ ಹವ್ಯಾಸಿಯ ಮೂರ್ಖತನಕ್ಕೆ ನಗುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಯುವಕನಿಗೆ ತನ್ನ ಗಡಿಯಾರದ ಯಂತ್ರದ ಸಂಖ್ಯೆ 0231 ಎಂಬುದು ಗೊತ್ತಿತ್ತು, ಅದರ ಹಿಂದಿನ ಸಿಟಿಜನ್ ಯಂತ್ರದ ವಂಶಾವಳಿ ಗೊತ್ತಿತ್ತು. ಇಷ್ಟು ಶ್ರದ್ಧೆಯಿಂದ ಎಚ್‌ಎಂಟಿಯನ್ನು ಓದಿಕೊಂಡವರು ಅದನ್ನು ನಡೆಸಿದ ಇಲಾಖೆಗಳಲ್ಲಿ ಎಷ್ಟು ಮಂದಿ ಇದ್ದರೋ! ಕೊರತೆಯಿದ್ದದ್ದು ಬೇರೆ ಕಡೆ. ಎರಡು ವರ್ಷದಿಂದ ಅವರು ಅದೇ ರಸ್ತೆಯಲ್ಲಿದ್ದರು. ಗಡಿಯಾರದ ಜೋಡಣೆಯಲ್ಲಿ ಜೀವಮಾನ ಕಳೆದ ಕಿವಿಯೊಂದು ಎಂಬತ್ತು ಹೆಜ್ಜೆ ಆಚೆ ವಾಸವಾಗಿತ್ತು. ಮುಂಬಯಿಯ ವ್ಯಾಪಾರಿಯನ್ನು ತಲುಪಿದ ಅವರ ಕುತೂಹಲ ಎದುರು ಮನೆಯ ಗೇಟನ್ನು ತಲುಪಿರಲಿಲ್ಲ.

ನಿವೃತ್ತರ ಕಡೆಯದೂ ಪೂರ್ತಿ ನಿರ್ದೋಷವಾದ ಮೌನವಲ್ಲ. ಅವರಲ್ಲಿ ಹಲವರು ತಮ್ಮ ಕೆಲಸವನ್ನು ಸಂಬಳ, ಬಸ್ಸು, ಕ್ಯಾಂಟೀನಿನ ಊಟ, ಸ್ವಯಂನಿವೃತ್ತಿಯ ಮೊತ್ತ ಇವುಗಳಲ್ಲಿಯೇ ನೆನೆಯುತ್ತಾರೆ. ಬೆರಳಿಗೆ ಗೊತ್ತಿದ್ದದ್ದು ಜ್ಞಾನವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ್ದು ತಾವು ಮಾಡಿದ ಕೆಲಸವನ್ನು ಮಕ್ಕಳು ಮಾಡದಿರಲಿ ಎಂದು. ಹಾಗೆ ಓದಿದ ಇನ್ನೊಬ್ಬರ ಮಗ ಬಂದು ಆ ಕೆಲಸದ ಫಲವನ್ನು ದುಡ್ಡು ಸುರಿದು ಕೊಳ್ಳುವಾಗ ಅವರಿಗೆ ಅದು ಅಣಕದಂತೆ ಕಂಡರೆ ತಪ್ಪೆನ್ನಲಾಗದು.

ಕಾಲ ಮಾತ್ರ ಕಾಯುವುದಿಲ್ಲ. ಲೆಕ್ಕ ಬಹಳ ಸರಳ. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರು ಈಗ ಎಂಬತ್ತೈದರ ಆಸುಪಾಸಿನಲ್ಲಿದ್ದಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದವರಿಗೂ ಎಪ್ಪತ್ತು ದಾಟಿದೆ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರ್ ನೋಡತಕ್ಕ ಸ್ಥಳ. ಗಡಿಯಾರಗಳೂ ಯಂತ್ರಗಳೂ ಅಲ್ಲಿ ಅಚ್ಚುಕಟ್ಟಾಗಿ ಇವೆ, ಭಾನುವಾರದ ಹವ್ಯಾಸಿಗಳು ಒಮ್ಮೆಯಾದರೂ ಅಲ್ಲಿಗೆ ಹೋಗಿಬಂದಿದ್ದಾರೆ. ಸುತ್ತಲಿನ ಭೂಮಿ ಎಚ್‌ಎಂಟಿಯದೋ ಅರಣ್ಯ ಇಲಾಖೆಯದೋ ಎಂಬ ಜಗಳ 2024ರಲ್ಲಿ ಪತ್ರಿಕೆಗಳ ಮುಖಪುಟಕ್ಕೂ ಬಂತು. ಎಕರೆಗಳ ಲೆಕ್ಕ ಇಡಲು ಎರಡು ಸರ್ಕಾರಗಳಿವೆ. ಹೊಡೆತ ಕುಂಟುವುದನ್ನು ಆಲಿಸುವ ಕಿವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಅದು ಒಂದು ಮೈಯಿಂದ ಇನ್ನೊಂದು ಮೈಗೆ, ಪಕ್ಕದಲ್ಲಿ ಕುಳಿತಾಗ ಮಾತ್ರ ದಾಟುವಂಥದು.

ಹೀಗೆ ಕುಳಿತುಕೊಳ್ಳುವುದಕ್ಕೆ ಇಂದು ಯಾರಿಗೆ ಬಿಡುವಿದೆ, ಆಸೆಯಿದೆ? ತರಬೇತಿ ಸಂಸ್ಥೆಗಳಿಗೆ ಇಲ್ಲ, ಈ ವಿದ್ಯೆಗೆ ಉದ್ಯೋಗವಿಲ್ಲ. ಮೂಲೆಯಂಗಡಿಯ ಗಡಿಯಾರ ರಿಪೇರಿಯವನು ಬ್ಯಾಟರಿ ಬದಲಿಸಿಯೇ ದಿನ ತಳ್ಳುತ್ತಿದ್ದಾನೆ. ಉಳಿದವರು ಈ ಹವ್ಯಾಸಿಗಳೇ. ಲಾಭದ ಹಂಗಿಲ್ಲದೆ ಹಳೆಯ ವಸ್ತುವಿಗೆ ಹಣ ಮತ್ತು ಭಾನುವಾರ ಎರಡನ್ನೂ ಕೊಡಲು ಸಿದ್ಧರಿರುವ ಏಕೈಕ ಗುಂಪು ಇದು. ಇವರನ್ನು ನೋಡಿ ನಗುವ ನಾವು ಆ ಎರಡರಲ್ಲಿ ಒಂದನ್ನೂ ಕೊಡುವವರಲ್ಲ. ಆದ್ದರಿಂದ ಅವರ ಪ್ರದರ್ಶನದ ಮೇಜನ್ನು ಎತ್ತಿಹಾಕುವುದು ಬೇಡ, ಅದಕ್ಕೆ ಇನ್ನೆರಡು ಕುರ್ಚಿ ಸೇರಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿಯ ಗೌಜು ಬೇಕಿಲ್ಲ. ಕೊಂಡ ವಸ್ತುವನ್ನು ಅವರ ಕೈಗೂ ದಾಟಿಸಿ, ಕಟ್ಟಳೆಯ ಪ್ರಕಾರ ಅವರೂ ಒಂದು ಪ್ರಶ್ನೆ ಕೇಳಲಿ.

ನಮ್ಮ ಬೀದಿಯಲ್ಲಿ ಆಮೇಲೆ ಆದದ್ದು ಇಷ್ಟು. ಎಂಜಿನಿಯರ್ ಕೆಂಪು ಗಡಿಯಾರವನ್ನು ಮಾರಿದವನಿಗೆ ಮರಳಿಸಲು ಹೋಗಲಿಲ್ಲ. ಮೂರು ವಾರಗಳ ಬಳಿಕ ಅದನ್ನು ಹಿಡಿದುಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಎದುರು ಮನೆಯ ಗೇಟು ತೆರೆದರು. ಆಕೆ ಮೊದಲು ಒಪ್ಪಲಿಲ್ಲ. ಕೈ ನಡುಗುತ್ತದೆ, ಹೇರ್‌ಸ್ಪ್ರಿಂಗಿಗೆ ಕೈ ಹಾಕುವ ಕಾಲ ಹೋಯಿತು ಎಂದರು. ಬಳಿಕ ಒಳಗೆ ಹೋಗಿ, ಹೊಲಿಗೆ ಡಬ್ಬಿಯ ಅಡಿಯಿಂದ ಹಳೆಯ ಚಿಮುಟವನ್ನೂ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ ತಂದು ಆ ಹುಡುಗನ ಮುಂದಿಟ್ಟರು. ಊಟದ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿದರು. ಬಿದ್ದ ತಿರುಪು ಕಣ್ಣಿಗೆ ಬೀಳಲಿ ಎಂದು. ಫ್ಯಾನು ನಿಲ್ಲಿಸಿದರು. ಉಸಿರು ಬಿಗಿಹಿಡಿಯಬೇಡ, ಮೊಣಕೈ ಮೇಜಿಗೆ ಊರು, ಚಿಮುಟ ಹಿಡಿಯುವುದು ಬೆರಳಿನಿಂದಲ್ಲ, ಮಣಿಕಟ್ಟಿನಿಂದ, ಎಂದು ಒಂದೊಂದಾಗಿ ಹೇಳುತ್ತ ಹೋದರು.

ಮುಕ್ಕಾಲು ಗಂಟೆ ಕಳೆಯಿತು. ಹುಡುಗನ ಹಣೆಯಲ್ಲಿ ಬೆವರಿತ್ತು. ಮೂರನೆಯ ಸಲ ಗಡಿಯಾರವನ್ನು ಅವರ ಕೈಗಿತ್ತಾಗ ಅವರು ಎಡಗಿವಿಗೆ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಆಲಿಸಿದರು.

'ಇನ್ನೊಂದು ಚೂರು' ಎಂದು ಮರಳಿ ಕೊಟ್ಟರು.